ಲೋಲಕದ ಹಿಂದೆ ತಡವರಿಸುವ ಕಣ್ಣು

"ಕಣ್ಣಿಗೆ ಕಣ್ಣು ಕೊಟ್ಟು ಮಾತಾಡೋದೇ ಇಲ್ಲ ಡಾಕ್ಟ್ರೇ." ಸ್ಕಿಜೋಫ್ರೇನಿಯಾ ಇರುವ ಮಗನನ್ನೋ ತಂಗಿಯನ್ನೋ ಕರೆತಂದ ಮನೆಯವರು ಮನೋವೈದ್ಯರ ಮುಂದೆ ಆಡುವ ಮಾತುಗಳಲ್ಲಿ ಇದೂ ಒಂದು. ಎಲ್ಲೋ ನೋಡುತ್ತಾ ಕೂತುಬಿಡುತ್ತಾನೆ, ಗೋಡೆಯ ಒಂದೇ ಮೂಲೆ ದಿಟ್ಟಿಸುತ್ತಾಳೆ, ಪೇಪರು ಹಿಡಿದರೂ ಓದುವುದಿಲ್ಲ, ಟಿವಿ ಮುಂದಿದ್ದರೂ ನೋಡುವುದಿಲ್ಲ. ಮನೆಮಂದಿ ಇದನ್ನು ಹಟ ಎನ್ನುತ್ತಾರೆ, ನೆಂಟರು ಸೊಕ್ಕು ಎನ್ನುತ್ತಾರೆ, ಓಣಿಯವರು ಗಾಳಿ ಸೋಕಿದೆ ಎನ್ನುತ್ತಾರೆ. ಕಣ್ಣನ್ನು ಮನಸ್ಸಿನ ಕನ್ನಡಿ ಎಂದು ನಂಬಿದ ಸಮಾಜದಲ್ಲಿ ನೋಟ ತಪ್ಪಿದವನನ್ನು ತಪ್ಪಿತಸ್ಥ ಎಂದು ತೀರ್ಮಾನಿಸುವುದು ಬಹಳ ಸುಲಭ.

ಈ ಕಾಯಿಲೆಯಲ್ಲಿ ಕಣ್ಣಿನ ಚಲನೆ ಬೇರೆ ರೀತಿಯಲ್ಲಿ ಇರುತ್ತದೆ ಎಂಬುದನ್ನು ವಿಜ್ಞಾನ ನೂರು ವರ್ಷಕ್ಕೂ ಹಿಂದೆಯೇ ಅಳೆದು ತೋರಿಸಿದೆ. ಆ ಅಳತೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ, ಎಲ್ಲಿ ಅವುಗಳ ಮೇಲೆ ಅತಿಯಾದ ಭಾರ ಹೊರಿಸಲಾಗಿದೆ ಎಂಬುದನ್ನು ಕನ್ನಡದ ಓದುಗರ ಮುಂದಿಡುವುದು ಈ ಬರಹದ ಕೆಲಸ. ಸ್ಕಿಜೋಫ್ರೇನಿಯಾಕ್ಕೆ ನಮ್ಮ ಪುಸ್ತಕಗಳಲ್ಲಿ ಇಚ್ಚಿತ್ತ ವಿಕಲತೆ, ಛಿದ್ರಮನಸ್ಕತೆ ಎಂಬ ಹೆಸರುಗಳಿವೆ. ಇವನ್ನು ಓದಿದವರು ಒಬ್ಬರೊಳಗೆ ಇಬ್ಬರು ಇರುತ್ತಾರೆಂದು ತಿಳಿದುಬಿಡುವುದುಂಟು, ಅದು ತಪ್ಪು. ಇಲ್ಲದ ದನಿ ಕೇಳುವುದು, ಯಾರೋ ಸಂಚು ಹೂಡಿದ್ದಾರೆಂಬ ಅಲುಗದ ನಂಬಿಕೆ, ಮಾತಿನ ಎಳೆ ತಪ್ಪುವುದು, ಉತ್ಸಾಹ ಬತ್ತಿ ಮಂಕಾಗುವುದು ಇದರ ಲಕ್ಷಣಗಳು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 1.4ರಷ್ಟು ಮಂದಿ ಬದುಕಿನ ಯಾವುದಾದರೂ ಹಂತದಲ್ಲಿ ಇದನ್ನೋ ಇದರ ಹತ್ತಿರದ ಕಾಯಿಲೆಯನ್ನೋ ಕಾಣುತ್ತಾರೆ. ಎಂದರೆ ಪ್ರತಿ ಹಳ್ಳಿಯಲ್ಲೂ, ಪ್ರತಿ ಬಡಾವಣೆಯಲ್ಲೂ.

ಮೊದಲು ಆರೋಗ್ಯವಾಗಿರುವ ಕಣ್ಣು ಹೇಗೆ ಹೊರಳುತ್ತದೆ ನೋಡೋಣ. ನಮಗೆ ನಿಚ್ಚಳವಾಗಿ ಕಾಣುವ ಜಾಗ ಬಹಳ ಸಣ್ಣದು. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನ ಅಗಲದಷ್ಟು ಮಾತ್ರ. ಉಳಿದದ್ದೆಲ್ಲ ಮಸುಕು. ಹೀಗಾಗಿ ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತಲೇ ಇರುತ್ತದೆ. ಪತ್ರಿಕೆ ಓದುತ್ತಿರುವವರ ಕಣ್ಣನ್ನು ಪಕ್ಕದಲ್ಲಿ ಕೂತು ಗಮನಿಸಿದರೆ ಈ ಜಿಗಿತ ಕಾಣುತ್ತದೆ. ಎರಡನೆಯ ಬಗೆ ಬೇರೆ. ಆಕಾಶದಲ್ಲಿ ರೆಕ್ಕೆ ಬಡಿಯದೆ ತೇಲುವ ಹದ್ದನ್ನು ನೋಡುವಾಗ, ಜಾತ್ರೆಯಲ್ಲಿ ನಿಧಾನಕ್ಕೆ ಸಾಗುವ ತೇರಿನ ಕಳಶದ ಮೇಲೆ ನೋಟ ಇಟ್ಟಾಗ, ಕಣ್ಣು ಜಿಗಿಯುವುದಿಲ್ಲ. ಎಣ್ಣೆ ಹರಿದಂತೆ ಜಾರುತ್ತದೆ. ಇದನ್ನು ಬೆಂಬತ್ತುವ ನೋಟ ಎನ್ನೋಣ. ಚಲಿಸುವ ವಸ್ತುವೊಂದು ಇಲ್ಲದೆ ನಾವು ಬೇಕೆಂದರೂ ಹೀಗೆ ಕಣ್ಣು ಜಾರಿಸಲಾರೆವು. ಖಾಲಿ ಗೋಡೆಯ ಮೇಲೆ ಎಡದಿಂದ ಬಲಕ್ಕೆ ನಯವಾಗಿ ಕಣ್ಣಾಡಿಸಲು ಪ್ರಯತ್ನಿಸಿ, ಅದು ಕುಪ್ಪಳಿಸುತ್ತದೆ. ನಿಮ್ಮದೇ ಬೆರಳನ್ನು ಗೋಡೆಯ ಮುಂದೆ ಸರಿಸುತ್ತಾ ನೋಡಿ, ನೋಟ ಹರಿಯುತ್ತದೆ.

ಈ ಎರಡು ಚಲನೆಗಳನ್ನು ಬೇರ್ಪಡಿಸಿ ವಿವರಿಸಿದವರಲ್ಲಿ ಮೊದಲಿಗರು ಅಮೆರಿಕದ ಮನೋವಿಜ್ಞಾನಿ ರೇಮಂಡ್ ಡಾಡ್ಜ್. ಅವರು ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಎಂಬ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿದ್ದರು. ಅದೇ ಊರಿನಲ್ಲಿ ರಾಜ್ಯದ ದೊಡ್ಡ ಮಾನಸಿಕ ಆಸ್ಪತ್ರೆ ಇತ್ತು, ಅಲ್ಲಿ ಅಲೆನ್ ರಾಸ್ ಡೀಫೆನ್‌ಡಾರ್ಫ್ ಎಂಬ ವೈದ್ಯರಿದ್ದರು. ಜರ್ಮನಿಯ ಎಮಿಲ್ ಕ್ರೆಪಲಿನ್ ಅವರ ಮನೋವೈದ್ಯ ಗ್ರಂಥವನ್ನು ಇಂಗ್ಲಿಷಿಗೆ ತಂದವರು ಅವರೇ. ಡಾಡ್ಜ್ ಬಳಿ ಕಣ್ಣಿನ ಚಲನೆಯನ್ನು ಛಾಯಾಚಿತ್ರದಲ್ಲಿ ಹಿಡಿಯುವ ಯಂತ್ರವಿತ್ತು. ತೂಗಾಡುವ ಲೋಲಕವೊಂದನ್ನು ರೋಗಿಗಳ ಮುಂದಿಟ್ಟು, ಅದರ ಹಿಂದೆ ಹೋಗುವ ಕಣ್ಣಿನ ಜಾಡನ್ನು ಇಬ್ಬರೂ ಸೇರಿ ದಾಖಲಿಸಿದರು. ಕ್ರೆಪಲಿನ್ 'ಡಿಮೆನ್ಷಿಯಾ ಪ್ರೀಕಾಕ್ಸ್' ಎಂದು ಕರೆದಿದ್ದ ಕಾಯಿಲೆಯವರಲ್ಲಿ ಆ ಜಾಡು ನಯವಾಗಿರಲಿಲ್ಲ. ಕಣ್ಣು ಹಿಂದೆ ಬೀಳುತ್ತಿತ್ತು, ಮತ್ತೆ ಜಿಗಿದು ಲೋಲಕವನ್ನು ಹಿಡಿಯುತ್ತಿತ್ತು, ಮತ್ತೆ ಹಿಂದೆ ಬೀಳುತ್ತಿತ್ತು. ಅಲೆಯಂತೆ ಮೂಡಬೇಕಾದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಮೂಡಿತ್ತು. ಈ ವರದಿ 1908ರಲ್ಲಿ 'ಬ್ರೈನ್' ಪತ್ರಿಕೆಯಲ್ಲಿ ಅಚ್ಚಾಯಿತು. ಸ್ವಿಟ್ಜರ್ಲೆಂಡಿನ ಓಯ್ಗನ್ ಬ್ಲಾಯ್ಲರ್ ಬರ್ಲಿನ್ನಿನ ಭಾಷಣವೊಂದರಲ್ಲಿ 'ಸ್ಕಿಜೋಫ್ರೇನಿಯಾ' ಎಂಬ ಪದವನ್ನು ಮೊದಲು ಬಳಸಿದ್ದೂ ಅದೇ ವರ್ಷ. ಕಾಯಿಲೆಗೆ ಇಂದಿನ ಹೆಸರು ಬಂದ ವರ್ಷವೇ ಅದರ ಕಣ್ಣಿನ ಗುರುತೂ ಸಿಕ್ಕಿತ್ತು.

ಸಿಕ್ಕಿದ್ದು ಹಾಗೇ ಕಳೆದೂ ಹೋಯಿತು. 1930ರ ದಶಕದಲ್ಲಿ ಒಂದೆರಡು ಮರುಪರೀಕ್ಷೆಗಳು ನಡೆದವು, ಅಷ್ಟೇ. ನಂತರದ ದಶಕಗಳಲ್ಲಿ ಅಮೆರಿಕದ ಮನೋವೈದ್ಯಶಾಸ್ತ್ರ ಬಾಲ್ಯದ ಗಾಯಗಳ, ತಾಯಿಯ ಪೋಷಣೆಯ ಮಾತಿಗೆ ತಿರುಗಿತು; ಎಷ್ಟೋ ತಾಯಂದಿರು ಮಗುವಿನ ಕಾಯಿಲೆಗೆ ತಾವೇ ಕಾರಣ ಎಂಬ ಆರೋಪ ಹೊತ್ತು ಬದುಕಿದರು. ಆಸ್ಪತ್ರೆಯ ಕಪಾಟಿನಲ್ಲಿದ್ದ ಮೆಟ್ಟಿಲು ಗೆರೆಗಳನ್ನು ಯಾರಾದರೂ ಆಗಲೇ ತೆಗೆದು ನೋಡಿದ್ದರೆ ಆ ಆರೋಪ ಅಷ್ಟು ಸಲೀಸಾಗಿ ಹರಡುತ್ತಿರಲಿಲ್ಲ ಎಂದು ನನಗನಿಸುತ್ತದೆ.

1973ರಲ್ಲಿ ಫಿಲಿಪ್ ಹಾಲ್ಜ್‌ಮನ್ ಅದನ್ನು ಮತ್ತೆ ಎತ್ತಿಕೊಂಡರು. ಆಗ ಷಿಕಾಗೋದಲ್ಲಿ, ಮುಂದೆ ಹಾರ್ವರ್ಡ್‌ನಲ್ಲಿ ಕೆಲಸ ಮಾಡಿದ ಈ ವಿಜ್ಞಾನಿ ಸ್ವತಃ ಮನೋವಿಶ್ಲೇಷಣೆಯ ತರಬೇತಿ ಪಡೆದವರು ಎಂಬುದು ಗಮನಿಸಬೇಕಾದ ಸಂಗತಿ. ಅವರೂ ಲೋಲಕವನ್ನೇ ಬಳಸಿದರು. ಕ್ಯಾಮೆರಾದ ಬದಲು ಕಣ್ಣಿನ ಅಂಚಿಗೆ ವಿದ್ಯುತ್ ತಂತಿಗಳನ್ನು ಅಂಟಿಸಿ ಚಲನೆ ಅಳೆದರು. 'ಸೈನ್ಸ್' ಪತ್ರಿಕೆಯಲ್ಲಿ ಬಂದ ಆ ಫಲಿತಾಂಶ 1908ರದ್ದನ್ನೇ ಹೇಳಿತು. ಮರುವರ್ಷ ಅವರು ಇಟ್ಟ ಹೆಜ್ಜೆ ಇನ್ನೂ ದೊಡ್ಡದು: ರೋಗಿಗಳ ಅಪ್ಪ, ಅಮ್ಮ, ಒಡಹುಟ್ಟಿದವರನ್ನೂ ಲೋಲಕದ ಮುಂದೆ ಕೂರಿಸಿದರು. ಕಾಯಿಲೆಯ ಯಾವ ಲಕ್ಷಣವೂ ಇಲ್ಲದ ಆ ಬಂಧುಗಳಲ್ಲೂ ಸುಮಾರು ಶೇ. 45ರಷ್ಟು ಮಂದಿಗೆ ಕಣ್ಣು ತಡವರಿಸುತ್ತಿತ್ತು. ರೋಗಿಗಳಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಹೆಚ್ಚು. ಉಳಿದ ಜನರಲ್ಲಿ ಶೇ. 8ರ ಆಸುಪಾಸು. ಬಳಿಕ ನಾರ್ವೆಯ ಐನಾರ್ ಕ್ರಿಂಗ್ಲೆನ್ ಜೊತೆ ಅವಳಿಗಳನ್ನು ಪರೀಕ್ಷಿಸಿದಾಗ, ಅವಳಿಗಳಲ್ಲಿ ಒಬ್ಬರಿಗಷ್ಟೇ ಕಾಯಿಲೆ ಇದ್ದಾಗಲೂ ಇನ್ನೊಬ್ಬರ ನೋಟದಲ್ಲಿ ಅದೇ ತಡವರಿಕೆ ಹಲವು ಬಾರಿ ಕಂಡಿತು, ಅದೂ ತದ್ರೂಪಿ ಅವಳಿಗಳಲ್ಲಿ ಹೆಚ್ಚಾಗಿ.

ಔಷಧಿಯಿಂದ ಹೀಗಾಗುತ್ತಿರಬಹುದೇ ಎಂಬ ಸಂಶಯ ಸಹಜ. ಲಿಥಿಯಂ ಈ ನೋಟವನ್ನು ಕೆಡಿಸುತ್ತದೆ, ನಿದ್ದೆಮಾತ್ರೆಗಳೂ ಮಂದಗೊಳಿಸುತ್ತವೆ. ಆದರೆ ಈ ಕಾಯಿಲೆಗೆ ಮೊದಲ ನಿಜವಾದ ಔಷಧಿ, ಕ್ಲೋರ್‌ಪ್ರೊಮಜಿನ್, ಬಂದದ್ದು 1952ರಲ್ಲಿ. ಮಿಡಲ್‌ಟೌನಿನ ದಾಖಲೆ ಅದಕ್ಕಿಂತ 44 ವರ್ಷ ಹಳೆಯದು. ಮಾತ್ರೆ ಮುಟ್ಟದ ಬಂಧುಗಳಲ್ಲೂ ಅದೇ ಗೆರೆ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಈ ಕ್ಷೇತ್ರದಲ್ಲಿ ಅಪರೂಪ.

ಇಲ್ಲಿಂದ ಒಂದು ದೊಡ್ಡ ಆಸೆ ಹುಟ್ಟಿತು. ಕಾಯಿಲೆಗೂ ವಂಶವಾಹಿಗೂ ನಡುವೆ ನಿಂತ, ಹೊರಗೆ ಕಾಣದ, ಆದರೆ ಅಳೆಯಬಹುದಾದ ಗುರುತಿಗೆ ಇರ್ವಿಂಗ್ ಗಾಟ್ಸ್‌ಮನ್ ಮತ್ತು ಜೇಮ್ಸ್ ಶೀಲ್ಡ್ಸ್ 'ಎಂಡೋಫಿನೋಟೈಪ್' ಎಂಬ ಪದ ಬಳಸಿದ್ದರು; ಒಳಗುರುತು ಎನ್ನಬಹುದು. ಕಣ್ಣಿನ ತಡವರಿಕೆ ಇದಕ್ಕೆ ಹೇಳಿ ಮಾಡಿಸಿದಂತಿತ್ತು. 1988ರಲ್ಲಿ ಹಾಲ್ಜ್‌ಮನ್ ತಂಡ ಒಂದೇ ಒಂದು ಪ್ರಬಲ ಜೀನ್ ಕಣ್ಣಿನ ದೋಷವನ್ನೂ ಕಾಯಿಲೆಯನ್ನೂ ವಿವರಿಸಬಲ್ಲದು ಎಂದು ಬರೆಯಿತು. ಆ ಒಂದು ಜೀನ್ ಸಿಗಲಿಲ್ಲ. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಬೃಹತ್ ಅಧ್ಯಯನ ಸ್ಕಿಜೋಫ್ರೇನಿಯಾಕ್ಕೆ ಸಂಬಂಧಪಟ್ಟ 287 ತಾಣಗಳನ್ನು ಗುರುತಿಸಿತು, ಪ್ರತಿಯೊಂದರ ಪಾಲೂ ಅತ್ಯಲ್ಪ. ಕಣ್ಣಿನ ದಾರಿ ಹಿಡಿದು ಕಾಯಿಲೆಯ ಬೇರಿಗೆ ನೇರ ಹೋಗಿಬಿಡಬಹುದು ಎಂಬ ನಿರೀಕ್ಷೆ ಸುಳ್ಳಾಯಿತು. ಅಳತೆ ಮಾತ್ರ ಸುಳ್ಳಾಗಲಿಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಹಾಗಾದರೆ ಕಣ್ಣು ಎಲ್ಲಿ ಎಡವುತ್ತದೆ? ಕಣ್ಣುಗುಡ್ಡೆ ಹೊರಳಿಸುವ ಸ್ನಾಯುಗಳು ಸರಿಯಾಗಿವೆ. ಬೆಳಕೊಂದು ಹೊತ್ತಿದ ಕಡೆಗೆ ತಟ್ಟನೆ ನೋಡು ಎಂದರೆ ರೋಗಿಗಳು ಉಳಿದವರಷ್ಟೇ ಚುರುಕಾಗಿ ನೋಡುತ್ತಾರೆ. ತೊಡಕು ಇರುವುದು ಮಿದುಳಿನ ಲೆಕ್ಕಾಚಾರದಲ್ಲಿ. ಹದ್ದನ್ನು ಬೆಂಬತ್ತಬೇಕಾದರೆ ಮೊದಲು ಅದರ ವೇಗ ಎಷ್ಟೆಂದು ತಿಳಿಯಬೇಕು. ಮಿದುಳಿನ ಹಿಂಬದಿಯಲ್ಲಿ ಚಲನೆಯನ್ನೇ ಅಳೆಯುವ ಭಾಗವೊಂದಿದೆ. ಹಾಲ್ಜ್‌ಮನ್ ಜೊತೆ ದುಡಿದ ಯೂ ಚೆನ್ 1999ರ ಸುಮಾರಿಗೆ ತೋರಿಸಿದಂತೆ, ಸರಿದಾಡುವ ಎರಡು ಪಟ್ಟೆಗಳಲ್ಲಿ ಯಾವುದು ತುಸು ಬೇಗ ಹೋಗುತ್ತಿದೆ ಎಂದು ಹೇಳುವುದೇ ರೋಗಿಗಳಿಗೆ ಕಷ್ಟ. ಇದರ ಜೊತೆಗೆ ಊಹೆಯೂ ಬೇಕು. ಹದ್ದು ಮರದ ಮರೆಗೆ ಹೋದರೂ ಆಚೆ ಬರುವ ಜಾಗಕ್ಕೆ ನಮ್ಮ ಕಣ್ಣು ಆಗಲೇ ಹೊರಟಿರುತ್ತದೆ. ಮೇರಿಲ್ಯಾಂಡಿನ ಗುಣವಂತ್ ಠಾಕರ್ ಮತ್ತು ಸಂಗಡಿಗರು ಪರದೆಯ ಮೇಲೆ ಚಲಿಸುವ ಚುಕ್ಕಿಯನ್ನು ಕ್ಷಣಕಾಲ ಮಾಯ ಮಾಡಿ ನೋಡಿದಾಗ, ಈ ಊಹೆಯ ಓಟ ರೋಗಿಗಳಲ್ಲೂ ಅವರ ಕೆಲವು ಬಂಧುಗಳಲ್ಲೂ ಕುಂಠಿತವಾಗಿತ್ತು.

ಇನ್ನೊಂದು ಪರೀಕ್ಷೆಯ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಮನೆಯವರು ತಿಳಿಯಬೇಕಾದದ್ದು ಅದರಲ್ಲಿದೆ. ಕೆನಡಾದ ಪೀಟರ್ ಹ್ಯಾಲೆಟ್ 1978ರಲ್ಲಿ ರೂಪಿಸಿದ ಈ ಪರೀಕ್ಷೆಯಲ್ಲಿ ಪರದೆಯ ಒಂದು ಬದಿಗೆ ಬೆಳಕು ಮಿನುಗುತ್ತದೆ. ನೀವು ಅದನ್ನು ನೋಡದೆ, ಅಷ್ಟೇ ದೂರದಲ್ಲಿ ವಿರುದ್ಧ ದಿಕ್ಕಿಗೆ ನೋಡಬೇಕು. ಕೇಳಲು ಸುಲಭ. ಆದರೆ ಕಣ್ಣಿಗೆ ಬೆಳಕೆಂದರೆ ಸೆಳೆತ. ಆ ಸೆಳೆತವನ್ನು ತಡೆಹಿಡಿಯುವ ಕೆಲಸ ಹಣೆಯ ಹಿಂದಿನ ಮಿದುಳಿನದು. ಆ ಭಾಗಕ್ಕೆ ಪೆಟ್ಟಾದವರು ಇದರಲ್ಲಿ ಸೋಲುತ್ತಾರೆಂದು 1985ರಲ್ಲಿ ತಿಳಿಯಿತು. ಆರೋಗ್ಯವಂತರೂ ಸುಮಾರು ಐದರಲ್ಲಿ ಒಂದು ಬಾರಿ ಬೆಳಕಿನತ್ತಲೇ ನೋಡಿಬಿಡುತ್ತಾರೆ. ಸ್ಕಿಜೋಫ್ರೇನಿಯಾ ಇರುವವರು ಅದರ ಎರಡು ಮೂರು ಪಟ್ಟು ತಪ್ಪುತ್ತಾರೆ. ಗಮನಿಸಬೇಕಾದದ್ದು ಆಮೇಲಿನದು: ತಪ್ಪಿದ ಮರುಕ್ಷಣವೇ ಅವರಲ್ಲಿ ಹೆಚ್ಚಿನವರ ಕಣ್ಣು ತಾನಾಗಿ ಸರಿಯಾದ ಕಡೆಗೆ ತಿರುಗುತ್ತದೆ. ಹೇಳಿದ್ದು ಅವರಿಗೆ ಅರ್ಥವಾಗಿದೆ, ನೆನಪಿದೆ, ಮಾಡುವ ಮನಸ್ಸೂ ಇದೆ. ಸೆಳೆತವನ್ನು ತಡೆಯುವ ಆ ಒಂದು ಗಳಿಗೆ ಮಾತ್ರ ಕೈಗೆ ಸಿಗದೆ ಹೋಗುತ್ತದೆ. "ಎಷ್ಟು ಸಲ ಹೇಳಿದರೂ ಕೇಳಲ್ಲ" ಎಂದು ಗದರುವ ಮುನ್ನ ಪ್ರತಿ ಅಪ್ಪ ಅಮ್ಮನೂ ಈ ಫಲಿತಾಂಶವನ್ನು ನೆನೆಯಬೇಕು.

ಇದಕ್ಕಿಂತ ಆಳಕ್ಕೆ ಇಳಿಯುವ ಸಂಶೋಧನೆಯೂ ಇದೆ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ರೆಪ್ಪೆಯ ಅಂಚನ್ನು ಬೆರಳಿನಿಂದ ಹಗುರವಾಗಿ ಒತ್ತಿದರೆ ಎದುರಿನ ಗೋಡೆ ಅಲುಗಿದಂತೆ ಕಾಣುತ್ತದೆ. ಆದರೆ ನಾವಾಗಿ ಕಣ್ಣು ಹೊರಳಿಸಿದಾಗ ಗೋಡೆ ನಿಂತಲ್ಲೇ ಇರುತ್ತದೆ. ಕಣ್ಣಿಗೆ ಆಜ್ಞೆ ಹೋಗುವಾಗಲೇ ಅದರ ಒಂದು ಪ್ರತಿ ಮಿದುಳಿನ ಬೇರೆ ಭಾಗಗಳಿಗೂ ಹೋಗುತ್ತದೆ. "ಈಗ ಅಲುಗುವುದು ನಾನೇ, ಲೋಕವಲ್ಲ" ಎಂಬ ಸುದ್ದಿ ಅದು. ಸ್ಕಿಜೋಫ್ರೇನಿಯಾದಲ್ಲಿ ಈ ಸುದ್ದಿ ಮಸುಕಾಗಿರುತ್ತದೆ ಎಂದು ಕ್ಯಾಥರಿನ್ ಠಕ್ಕರ್ ಮೊದಲಾದವರ ಪ್ರಯೋಗಗಳು ಸೂಚಿಸುತ್ತವೆ. ನನ್ನ ಚಲನೆ ನನ್ನದು ಎಂಬ ಗುರುತು ಅಳಿಸಿದರೆ, ನನ್ನೊಳಗಿನ ಮಾತು ಹೊರಗಿನವರ ದನಿಯಾಗಿ ಕೇಳುವುದು ಅಷ್ಟೇನೂ ದೂರದ ಹೆಜ್ಜೆಯಲ್ಲ. ಇದು ಇನ್ನೂ ಪೂರ್ತಿ ಸಾಬೀತಾದ ಸಿದ್ಧಾಂತವಲ್ಲ. ಆದರೂ ಈ ಕಾಯಿಲೆಯ ವಿಚಿತ್ರ ಅನುಭವಗಳಿಗೆ ಒಂದು ಯಾಂತ್ರಿಕ ಕಾರಣ ಕೊಡಲು ಹೊರಟ ವಿವರಣೆಗಳಲ್ಲಿ ನನಗೆ ಅತ್ಯಂತ ಮಾನವೀಯವಾಗಿ ತೋರುವುದು ಇದೇ.

ಪ್ರಯೋಗಾಲಯದ ಚುಕ್ಕಿ, ಲೋಲಕ ಬಿಟ್ಟು ದಿನದ ನೋಟಕ್ಕೆ ಬರೋಣ. ಚಿತ್ರವೊಂದನ್ನು ತೋರಿಸಿ ಸುಮ್ಮನೆ ನೋಡಿ ಎಂದರೆ ರೋಗಿಗಳ ಕಣ್ಣು ಕಡಿಮೆ ಜಾಗಗಳಿಗೆ ಹೋಗುತ್ತದೆ, ಹೋದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮುಖದ ಚಿತ್ರವಾದರೆ ಕಣ್ಣು, ಬಾಯಿಗಳಂಥ ಭಾವ ಹೇಳುವ ಭಾಗಗಳ ಮೇಲೆ ನಿಲ್ಲುವುದು ಕಡಿಮೆ. ಜಪಾನಿನ ತಕುಯಾ ಕೊಜಿಮಾ ಬಹಳ ಸರಳವಾದ ಪರೀಕ್ಷೆಯೊಂದನ್ನು ರೂಪಿಸಿದರು. ಮಲಗಿಸಿದ ಎಸ್ ಅಕ್ಷರದಂಥ ಆಕೃತಿಯನ್ನು ತೋರಿಸಿ, ಆಮೇಲೆ ಅದರಲ್ಲಿ ಸಣ್ಣ ಬದಲಾವಣೆ ಮಾಡಿದ ಇನ್ನೊಂದನ್ನು ತೋರಿಸುತ್ತಾರೆ. ವ್ಯತ್ಯಾಸ ಹೇಳಿದ ಮೇಲೆ ಕೇಳುವ ಪ್ರಶ್ನೆ, "ಬೇರೆ ಏನಾದರೂ ವ್ಯತ್ಯಾಸ ಇದೆಯೇ?" ಎಂಬುದು. ಆರೋಗ್ಯವಂತರು "ಇಲ್ಲ" ಎನ್ನುವ ಮೊದಲು ಇನ್ನೊಮ್ಮೆ ಇಡೀ ಆಕೃತಿಯ ಮೇಲೆ ಕಣ್ಣಾಡಿಸುತ್ತಾರೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಆ ಮರುನೋಟ ಬಹಳ ಕಡಿಮೆ. ಎದುರಿಗಿರುವವರು ಕೇಳಿದಾಗ ಮತ್ತೊಮ್ಮೆ ನೋಡುವುದು ನಮ್ಮೆಲ್ಲ ಮಾತುಕತೆಯ ಬುನಾದಿ. ಆ ಬುನಾದಿಯಲ್ಲೇ ಬಿರುಕಿದ್ದರೆ ಮನುಷ್ಯ ಮನುಷ್ಯರ ನಡುವೆ ಎಷ್ಟು ಅಂತರ ಬೀಳಬಹುದು ಎಂದು ಯೋಚಿಸಿ.

ಓದಿನಲ್ಲೂ ಇದು ಕಾಣುತ್ತದೆ. 2013ರಲ್ಲಿ ಕೆನಡಾದ ವೆರೋನಿಕಾ ವಿಟ್‌ಫರ್ಡ್ ತಂಡ, ಓದುಗರ ಕಣ್ಣು ಬಿದ್ದ ಕಡೆ ಮಾತ್ರ ಅಕ್ಷರಗಳು ತೆರೆದುಕೊಳ್ಳುವಂತೆ ಮಾಡಿ ಪರೀಕ್ಷಿಸಿತು. ರೋಗಿಗಳು ಒಂದು ನೋಟಕ್ಕೆ ಹಿಡಿಯುವ ಅಕ್ಷರಗಳ ಹರವು ಕಿರಿದಾಗಿತ್ತು, ಓದಿನ ವೇಗ ನಿಧಾನವಾಗಿತ್ತು. ಓದಿನಲ್ಲಿ ಮುಂದಿದ್ದ ಹುಡುಗ ಪುಸ್ತಕ ಮಡಚಿಟ್ಟರೆ ಅದು ಬರೀ ಬೇಸರವಲ್ಲದಿರಬಹುದು. ಮುಖಗಳನ್ನು ನೋಡುವಾಗ ಇನ್ನೊಂದು ತೊಂದರೆಯೂ ಉಂಟು: ಪಕ್ಕಕ್ಕೆ ನೋಡುತ್ತಿರುವ ಮುಖದ ಚಿತ್ರವನ್ನು ಕೂಡ "ಇವರು ನನ್ನನ್ನೇ ನೋಡುತ್ತಿದ್ದಾರೆ" ಎಂದು ಗ್ರಹಿಸುವ ಸಂಭವ ಅವರಲ್ಲಿ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ. ಬಸ್ಸಿನಲ್ಲಿ ಎಲ್ಲರೂ ತನ್ನನ್ನೇ ದಿಟ್ಟಿಸುತ್ತಿದ್ದಾರೆ ಎನ್ನಿಸುವವರಿಗೆ ಎದುರಿನವರ ಕಣ್ಣಿಗೆ ಕಣ್ಣು ಕೊಡುವುದು ಹಿಂಸೆ. ಕಣ್ಣು ತಪ್ಪಿಸುವುದು ಅವರಿಗೆ ಒಂದು ಆಸರೆ.

ಇಷ್ಟೆಲ್ಲ ತಿಳಿದ ಮೇಲೆ, ರಕ್ತ ಪರೀಕ್ಷೆಯಂತೆ ಕಣ್ಣಿನ ಪರೀಕ್ಷೆಯಿಂದಲೇ ಕಾಯಿಲೆ ಪತ್ತೆ ಮಾಡಬಹುದಲ್ಲವೇ? 2012ರಲ್ಲಿ ಸ್ಕಾಟ್ಲೆಂಡಿನ ಅಬರ್‌ಡೀನ್ ವಿಶ್ವವಿದ್ಯಾಲಯದ ಫಿಲಿಪ್ ಬೆನ್ಸನ್, ಡೇವಿಡ್ ಸೇಂಟ್ ಕ್ಲೇರ್ ಮತ್ತು ಸಂಗಡಿಗರು ಬೆಂಬತ್ತುವ ನೋಟ, ನೆಟ್ಟ ನೋಟ, ಚಿತ್ರ ವೀಕ್ಷಣೆ ಮೂರನ್ನೂ ಸೇರಿಸಿ ಕಂಪ್ಯೂಟರಿಗೆ ಕಲಿಸಿ, ರೋಗಿಗಳನ್ನೂ ಆರೋಗ್ಯವಂತರನ್ನೂ ಶೇ. 98.3ರಷ್ಟು ನಿಖರವಾಗಿ ಬೇರ್ಪಡಿಸಿದರು. ಈ ಅಂಕಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಅದೇ ವರದಿಯಲ್ಲಿ, 88 ರೋಗಿಗಳು ಮತ್ತು 88 ಆರೋಗ್ಯವಂತರ ಮೇಲೆ ಕಲಿತ ಮೊದಲ ಮಾದರಿ ಹೊಸ ದಾಖಲೆಗಳ ಮೇಲೆ ಶೇ. 87.8ಕ್ಕೆ ಇಳಿದಿತ್ತು ಎಂಬುದೂ ಇದೆ, ಅದು ಸುದ್ದಿಯಾಗಲಿಲ್ಲ. ಅದಕ್ಕಿಂತ ಮುಖ್ಯವಾದ ತಕರಾರು ನನ್ನದು ಬೇರೆ. ಆಸ್ಪತ್ರೆಯಲ್ಲಿ ಕುಳಿತ ವೈದ್ಯರಿಗೆ ಆರೋಗ್ಯವಂತರನ್ನು ರೋಗಿಗಳಿಂದ ಬೇರ್ಪಡಿಸುವುದು ಕಷ್ಟವಲ್ಲ. ಇದು ಸ್ಕಿಜೋಫ್ರೇನಿಯಾವೋ, ಬೈಪೋಲಾರ್ ಕಾಯಿಲೆಯೋ, ಗಾಂಜಾ ತಂದಿಟ್ಟ ಭ್ರಮೆಯೋ ಎಂಬುದೇ ಕಷ್ಟ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ದೊಡ್ಡ ಅಧ್ಯಯನದಲ್ಲಿ ಭ್ರಮೆಗಳಿರುವ ಬೈಪೋಲಾರ್ ರೋಗಿಗಳ ಕಣ್ಣೂ ಚಲಿಸುವ ಗುರುತಿನ ಹಿಂದೆ ತಡವರಿಸಿತು. ವಯಸ್ಸು, ನಿದ್ದೆಗೇಡು, ಮಾತ್ರೆ ಎಲ್ಲವೂ ನೋಟವನ್ನು ಕದಲಿಸುತ್ತವೆ. ಸಿಗರೇಟಿನ ನಿಕೋಟಿನ್ ಅದನ್ನು ಸ್ವಲ್ಪ ಹೊತ್ತು ಸುಧಾರಿಸುತ್ತದೆ ಕೂಡ. ಆರೋಗ್ಯವಂತರಲ್ಲೇ ಶೇ. 8ರಷ್ಟು ಮಂದಿಗೆ ಈ ಗುರುತಿದ್ದರೆ, ಕಾಯಿಲೆ ನೂರಕ್ಕೆ ಒಬ್ಬರಿಗೆ ಮಾತ್ರ ಬರುವುದಾದರೆ, ಊರಿಗೆಲ್ಲ ಪರೀಕ್ಷೆ ಮಾಡಿ ಗುರುತು ಹಚ್ಚಿದವರಲ್ಲಿ ಬಹುಪಾಲು ಜನ ಏನೂ ಆಗದವರೇ ಆಗಿರುತ್ತಾರೆ. ಕಣ್ಣಿನ ಚಲನೆ ನೋಡಿ ಮಾನಸಿಕ ಕಾಯಿಲೆ ಪತ್ತೆ ಮಾಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಇಂದಿನ ಮಟ್ಟಿಗೆ ಕೊಡಬೇಡಿ. ಕಾಯಿಲೆಯ ನಿರ್ಣಯ ಈಗಲೂ ನಡೆಯುವುದು ತಾಳ್ಮೆಯಿಂದ ಕೂತು ಕೇಳುವ ವೈದ್ಯರಿಂದಲೇ.

ಔಷಧಿಯಿಂದ ಬರುವ ಕಣ್ಣಿನ ತೊಂದರೆಯನ್ನು ಮಾತ್ರ ಬೇರೆಯಾಗಿ ತಿಳಿದಿರಬೇಕು, ಏಕೆಂದರೆ ಅಲ್ಲಿ ತಕ್ಷಣ ಮಾಡಬೇಕಾದ ಕೆಲಸವಿದೆ. ಹ್ಯಾಲೊಪೆರಿಡಾಲ್‌ನಂಥ ಔಷಧಿ ಶುರುವಾದ ಮೊದಲ ದಿನಗಳಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಎರಡೂ ಕಣ್ಣುಗುಡ್ಡೆ ಮೇಲಕ್ಕೆ ಸೆಟೆದು ಅಲ್ಲೇ ನಿಂತುಬಿಡುತ್ತವೆ, ಕತ್ತೂ ಹಿಂದಕ್ಕೆ ಎಳೆಯಬಹುದು. ನೋಡಿದವರಿಗೆ ದೆವ್ವ ಮೈಮೇಲೆ ಬಂದಂತೆ ತೋರುತ್ತದೆ. ಅದು ಔಷಧಿಯ ಅಡ್ಡಪರಿಣಾಮ. ಪ್ರೊಮೆಥಾಜಿನ್ ಚುಚ್ಚುಮದ್ದಿನಿಂದ ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ಮತ್ತೆ ಬರದಂತೆ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಕೊಡುತ್ತಾರೆ. ಈ ಮಾತ್ರೆಯಿಂದ ಹತ್ತಿರದ ಅಕ್ಷರ ಮಸುಕಾಗಬಹುದು, ಅದನ್ನೂ ವೈದ್ಯರಿಗೆ ಹೇಳಬೇಕು. ಹೆದರಿ ಮನೆಯಲ್ಲೇ ಎಲ್ಲ ಔಷಧಿ ನಿಲ್ಲಿಸಿಬಿಡುವುದು ದೊಡ್ಡ ಅಪಾಯ.

ಕಣ್ಣಿನ ವ್ಯಾಯಾಮದಿಂದ ಸ್ಕಿಜೋಫ್ರೇನಿಯಾ ವಾಸಿಯಾಗುವುದಿಲ್ಲ. ಆದರೆ ಮುಖ ನೋಡಿ ಭಾವ ತಿಳಿಯುವ ಶಕ್ತಿಯನ್ನು ಸುಧಾರಿಸಬಹುದು ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಆಧಾರವಿದೆ. ನಿಮ್ಹಾನ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿಯ ಜೊತೆಗೆ ಯೋಗ ಮಾಡಿದ ರೋಗಿಗಳು ಮುಖದ ಭಾವಗಳನ್ನು ಗುರುತಿಸುವುದರಲ್ಲಿ ಮುನ್ನಡೆ ತೋರಿದರು. ಒಂದೇ ಮನೆಯಲ್ಲಿ ಹಲವರಿಗೆ ಗಂಭೀರ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ಅದೇ ಸಂಸ್ಥೆ ನಗರದ ಇತರ ವಿಜ್ಞಾನ ಸಂಸ್ಥೆಗಳ ಜೊತೆಗೂಡಿ ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಅಲ್ಲಿನ ಅಳತೆಗಳಲ್ಲಿ ಕಣ್ಣಿನ ಚಲನೆಯೂ ಸೇರಿದೆ. ಹಾಲ್ಜ್‌ಮನ್ ಬಂಧುಗಳನ್ನು ಲೋಲಕದ ಮುಂದೆ ಕೂರಿಸಿದ ಕೆಲಸ ಇಲ್ಲಿ ಕನ್ನಡದ ಮನೆಗಳವರೆಗೂ ಬಂದಿದೆ.

ಮನೆಯಲ್ಲಿ ಇಂಥವರು ಇರುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. "ನನ್ನ ಮುಖ ನೋಡಿ ಮಾತಾಡು" ಎಂದು ಒತ್ತಾಯಿಸಬೇಡಿ. ಎದುರಿಗಲ್ಲ, ಪಕ್ಕದಲ್ಲಿ ಕೂತು ಮಾತಾಡಿ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಉತ್ತರಕ್ಕೆ ಕಾಯಿರಿ. ತಪ್ಪಿದ ಕಣ್ಣು ತಾನಾಗಿ ಮರಳುವುದನ್ನು ಬೆಳಕಿನ ಆ ಪರೀಕ್ಷೆ ತೋರಿಸಿದೆ, ಮಾತೂ ಮರಳೀತು. 2015-16ರ ಅದೇ ಸಮೀಕ್ಷೆ ಹೇಳುವಂತೆ ನಮ್ಮ ದೇಶದಲ್ಲಿ ಇಂಥ ಕಾಯಿಲೆ ಇರುವ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆ ಸಿಗುತ್ತಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.